ಬೆಂಗಳೂರಿನಿಂದ ಒಂದು ದಿನದ ವೈನ್ ಪ್ರವಾಸ: ಹೊರಡುವ ಮೊದಲು ಓದಿಕೊಳ್ಳಿ

ಚಳಿ ಕಡಿಮೆಯಾಗುತ್ತಿದ್ದ ಹಾಗೆ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಬೆಂಗಳೂರಿನ ಹತ್ತಿರ ದ್ರಾಕ್ಷಿ ತೋಟ ನೋಡಿ, ಅಲ್ಲೇ ಮಾಡಿದ ವೈನ್ ರುಚಿ ನೋಡಬೇಕು, ಎಲ್ಲಿಗೆ ಹೋಗೋಣ? ಅದರ ಹಿಂದೆಯೇ ಇನ್ನಷ್ಟು. ಯಾವ ತಿಂಗಳು ಒಳ್ಳೆಯದು? ಕುಡಿಯುವ ಅಭ್ಯಾಸವೇ ಇಲ್ಲ, ನಾನೂ ಹೋಗಬಹುದಾ? ವಾಪಸ್ ಬರೋದು ಹೇಗೆ?

ಎಲ್ಲಕ್ಕೂ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಕುಡಿಯಲು ಹೋಗುವ ಪ್ರವಾಸ ಅಲ್ಲ, ರುಚಿ ನೋಡಲು ಹೋಗುವ ಪ್ರವಾಸ. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ. ಮುಂದೆ ಹೇಳುವ ಸಲಹೆಗಳೆಲ್ಲ ಈ ವ್ಯತ್ಯಾಸದ ಮೇಲೇ ನಿಂತಿವೆ.

1. ಯಾವ ದಿಕ್ಕಿಗೆ ಎಂದು ತೀರ್ಮಾನಿಸಿ

ನಗರದಿಂದ ಒಂದು ದಿನದಲ್ಲಿ ಹೋಗಿ ಬರಲು ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು ಉತ್ತರಕ್ಕೆ, ನಂದಿ ಬೆಟ್ಟದ ಕಡೆ. ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಹೋಗುವ ರಸ್ತೆಯಲ್ಲಿ, ರಘುನಾಥಪುರದ ಹತ್ತಿರ ಗ್ರೋವರ್ ಜಾಂಪಾ ತೋಟ ಇದೆ. ಕನ್ವಲ್ ಗ್ರೋವರ್ ಅವರು 1980ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತಳಿಗಳನ್ನು ತಂದು ಈ ಮಣ್ಣಿನಲ್ಲಿ ಬೆಳೆಸಿ ನೋಡಿದರು. ಮೊದಲ ವೈನ್ ಮಾರುಕಟ್ಟೆಗೆ ಬಂದದ್ದು 1992ರಲ್ಲಿ. 2012ರಲ್ಲಿ ನಾಸಿಕ್ ಕಡೆಯ ಜಾಂಪಾ ವೈನ್ ಕಂಪನಿಯ ಜೊತೆ ಸೇರಿ ಈಗಿನ ಹೆಸರಾಯಿತು. ಬೆಂಗಳೂರಿನಿಂದ ದೊಡ್ಡಬಳ್ಳಾಪುರಕ್ಕೆ ಸುಮಾರು 40 ಕಿ.ಮೀ.

ಎರಡನೆಯದು ಮೈಸೂರು ರಸ್ತೆ. ಚನ್ನಪಟ್ಟಣದ ಹತ್ತಿರ ಸುಲಾ ಎಂಬ ವೈನ್ ಕಂಪನಿಯ ಡೊಮೇನ್ ಸುಲಾ ವೈನರಿ ಇದೆ, ವೈನರಿ ಅಂದರೆ ವೈನ್ ತಯಾರಿಸುವ ಜಾಗ. ಮೊದಲು ಅಲ್ಲಿದ್ದದ್ದು ಹೆರಿಟೇಜ್ ವೈನರಿ. ಅದನ್ನು ಸುಲಾ ಕೊಂಡುಕೊಂಡಿತು. ಸುಮಾರು 60 ಕಿ.ಮೀ. ದೂರ.

ಯಾವುದು ಒಳ್ಳೆಯದು ಅಂತ ಕೇಳಿದರೆ, ದ್ರಾಕ್ಷಿ ಬೆಳೆಯುವ ನೆಲವನ್ನೇ ನೋಡಬೇಕು ಅನ್ನುವವರಿಗೆ ನಂದಿ ಕಡೆ ಹೇಳುತ್ತೇನೆ. ಮನೆಮಂದಿಯೆಲ್ಲ ಹೊರಟಿದ್ದೀರಿ, ವೈನ್ ಬೇಡದವರೂ ಇದ್ದಾರೆ ಅಂದರೆ ಚನ್ನಪಟ್ಟಣ ಸುಲಭ. ದಾರಿಯಲ್ಲಿ ಬಿಡದಿಯ ತಟ್ಟೆ ಇಡ್ಲಿ ಸಿಗುತ್ತದೆ. ಚನ್ನಪಟ್ಟಣದಲ್ಲಿ ಮರದ ಗೊಂಬೆ ಮಾಡುವವರನ್ನು ನೋಡಬಹುದು. ರೈಲೂ ಇದೆ. ಹಂಪಿಯ ಹತ್ತಿರ ಕೃಷ್ಮಾ ಎಸ್ಟೇಟ್ಸ್ ಇದೆ, ಅಲ್ಲಿನ ವೈನಿಗೆ ಒಳ್ಳೆಯ ಹೆಸರೂ ಇದೆ. ಆದರೆ ಅದು ಒಂದು ದಿನದ ಮಾತಲ್ಲ.

ಇಲ್ಲಿ ಹಲವರು ಮಾಡುವ ತಪ್ಪು: ಒಂದೇ ದಿನ ಎರಡು ಮೂರು ವೈನರಿ ಮುಗಿಸುವ ಆಸೆ. ಬೇಡ. ಎರಡನೆಯ ಕಡೆ ಹೋಗುವಷ್ಟರಲ್ಲಿ ನಾಲಿಗೆ ದಣಿದಿರುತ್ತದೆ. ಏನು ಕುಡಿದರೂ ಒಂದೇ ಥರ ಅನಿಸುತ್ತದೆ. ದಿನಕ್ಕೆ ಒಂದು ಸಾಕು.

2. ತಿಂಗಳು ಮತ್ತು ದಿನ ಆರಿಸಿ

ಜನವರಿ ಕೊನೆಯಿಂದ ಮಾರ್ಚ್ ವರೆಗೆ ಹೋಗಿ. ಆಗ ಬಳ್ಳಿಯಲ್ಲಿ ಗೊಂಚಲು ಇರುತ್ತದೆ, ಕೊಯ್ಲು ನಡೆಯುತ್ತಿರುತ್ತದೆ. ವೈನ್ ತಯಾರಿಸುವ ಘಟಕದೊಳಗೆ ಕಾಲಿಟ್ಟರೆ ಹುದುಗುವ ರಸದ ವಾಸನೆ ಮೂಗಿಗೆ ಬಡಿಯುತ್ತದೆ.

ಬೇರೆ ದೇಶಗಳ ಕೊಯ್ಲಿನ ಕಾಲ ನೋಡಿಕೊಂಡು ಸೆಪ್ಟೆಂಬರ್‌ನಲ್ಲಿ ಹೊರಡುವವರಿದ್ದಾರೆ. ಅವರಿಗೆ ಸಿಗುವುದು ಹಸಿರು ಎಲೆ ಮಾತ್ರ. ನಮ್ಮ ಲೆಕ್ಕ ಬೇರೆ, ಯಾಕೆಂದರೆ ಇಲ್ಲಿ ಬಳ್ಳಿಯನ್ನು ನಿದ್ದೆಗೆ ಕಳಿಸುವಂಥ ಕಡು ಚಳಿ ಇಲ್ಲ. ಸುಮ್ನೆ ಬಿಟ್ಟರೆ ಅದು ವರ್ಷವಿಡೀ ಚಿಗುರುತ್ತಲೇ ಇರುತ್ತದೆ. ಹಾಗಾಗಿ ವರ್ಷಕ್ಕೆ ಎರಡು ಸಲ ಪ್ರೂನಿಂಗ್ ಮಾಡುತ್ತಾರೆ, ಅಂದರೆ ಕಡ್ಡಿ ಸವರುತ್ತಾರೆ. ಏಪ್ರಿಲ್ ಸುಮಾರಿಗೆ ಒಂದು ಸಲ, ಬಳ್ಳಿ ಗಟ್ಟಿಯಾಗಲಿ ಎಂದು. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಇನ್ನೊಂದು ಸಲ, ಹಣ್ಣಿಗಾಗಿ. ಹೀಗೆ ಮಾಡಿದರೆ ಹಣ್ಣು ಮಾಗುವ ಹೊತ್ತಿಗೆ ಮಳೆ ಮುಗಿದು ಒಣ ಹವೆ ಬಂದಿರುತ್ತದೆ. ಮಾಗಿದ ಗೊಂಚಲಿನ ಮೇಲೆ ಮಳೆ ಬಿದ್ದರೆ ಹಣ್ಣು ಒಡೆದು ಕೊಳೆಯುತ್ತದೆ. ರೈತರಿಗೆ ಅದಕ್ಕಿಂತ ದೊಡ್ಡ ಭಯ ಇಲ್ಲ.

ಏಪ್ರಿಲ್ ಕೊನೆಯಲ್ಲಿ ಹೋದರೆ ಬರೀ ಬೋಳು ಕಡ್ಡಿ ನೋಡಿ ಬೇಸರಪಟ್ಟುಕೊಳ್ಳುತ್ತೀರಿ. ಮಳೆಗಾಲದಲ್ಲಿ ತೋಟ ಹಸಿರಾಗಿ ಚೆನ್ನಾಗಿರುತ್ತದೆ, ಹಣ್ಣು ಇರುವುದಿಲ್ಲ. ವೈನ್ ರುಚಿಯಂತೂ ವರ್ಷವಿಡೀ ನೋಡಬಹುದು.

ದಿನದ ವಿಷಯಕ್ಕೆ ಬಂದರೆ, ವಾರದ ನಡುವೆ ರಜೆ ಹಾಕಲು ಆದರೆ ಹಾಕಿ. ಭಾನುವಾರ ನಂದಿ ಕಡೆಯ ರಸ್ತೆಗಳಲ್ಲಿ ಜನ ಜಾಸ್ತಿ. ತೋಟದಲ್ಲೂ ಗುಂಪು ದೊಡ್ಡದಿರುತ್ತದೆ, ವಿವರಿಸುವವರಿಗೆ ನಿಮ್ಮ ಪ್ರಶ್ನೆ ಕೇಳಲು ಪುರುಸೊತ್ತು ಇರುವುದಿಲ್ಲ. ಡ್ರೈ ಡೇ ಕೂಡ ನೋಡಿಕೊಳ್ಳಿ. ಮದ್ಯ ಮಾರಾಟ ಇರದ ದಿನಗಳು ಅವು. ಗಾಂಧಿ ಜಯಂತಿ ಎಲ್ಲರಿಗೂ ನೆನಪಿರುತ್ತದೆ, ಚುನಾವಣೆ ಮರೆತುಹೋಗುತ್ತದೆ. ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆ ಮಾರಾಟ ನಿಲ್ಲುತ್ತದೆ.

3. ವಾಪಸ್ ಬರುವ ಗಾಡಿ ಮೊದಲು ಗೊತ್ತುಮಾಡಿ

ಬುಕಿಂಗ್‌ಗಿಂತ ಮೊದಲು ಈ ಕೆಲಸ. "ಸ್ವಲ್ಪ ತಾನೇ, ಏನೂ ಆಗಲ್ಲ" ಅನ್ನುವ ಮಾತನ್ನು ದಯವಿಟ್ಟು ನಂಬಬೇಡಿ. ಲೆಕ್ಕ ಹಾಕಿ ತೋರಿಸುತ್ತೇನೆ.

ಒಂದು ಸುತ್ತಿನಲ್ಲಿ ಐದು ವೈನ್, ಒಂದೊಂದು 45 ಮಿ.ಲೀ. ಕೊಟ್ಟರು ಎಂದುಕೊಳ್ಳಿ. ಒಟ್ಟು 225 ಮಿ.ಲೀ. ವೈನ್‌ನಲ್ಲಿ ಸಾಮಾನ್ಯವಾಗಿ ಶೇ 12ರಿಂದ 14ರಷ್ಟು ಆಲ್ಕೋಹಾಲ್ ಇರುತ್ತದೆ. ಅಂದರೆ ಹತ್ತಿರ ಹತ್ತಿರ 28 ಮಿ.ಲೀ. ಶುದ್ಧ ಆಲ್ಕೋಹಾಲ್ ಹೊಟ್ಟೆಗೆ ಹೋಯಿತು. ಗಾಡಿ ಓಡಿಸುವವರ ರಕ್ತದಲ್ಲಿ ಕಾನೂನು ಒಪ್ಪುವ ಮಿತಿ 100 ಮಿ.ಲೀ.ಗೆ 30 ಮಿ.ಗ್ರಾಂ. 60 ಕೆ.ಜಿ. ತೂಕದವರು ಈ ಐದು ಚಿಕ್ಕ ಲೋಟಗಳಲ್ಲೇ ಆ ಗೆರೆ ದಾಟುವ ಸಾಧ್ಯತೆ ಜಾಸ್ತಿ. ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 10,000 ರೂಪಾಯಿ ವರೆಗೆ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ದಂಡದ ಮಾತು ಬಿಡಿ, ಹೆದ್ದಾರಿಯಲ್ಲಿ ಎದುರಿಗೆ ಬರುವವರ ಜೀವ ಮುಖ್ಯ ಅಲ್ವಾ?

ಹಾಗಾದರೆ ಏನು ಮಾಡಬೇಕು? ಚಾಲಕರ ಸಮೇತ ದಿನದ ಬಾಡಿಗೆಗೆ ಕ್ಯಾಬ್ ತೆಗೆದುಕೊಳ್ಳುವುದು ಎಲ್ಲಕ್ಕಿಂತ ನೆಮ್ಮದಿ. ನಾಲ್ಕು ಜನ ಹಂಚಿಕೊಂಡರೆ ಭಾರ ಅನಿಸುವುದಿಲ್ಲ. ಗುಂಪಿನಲ್ಲಿ ಒಬ್ಬರು ಪೂರ್ತಿ ಕುಡಿಯದೆ ಗಾಡಿ ಓಡಿಸಲು ಒಪ್ಪಿದರೂ ಸರಿ. ಆದರೆ ಅದನ್ನು ಮನೆಯಲ್ಲೇ ತೀರ್ಮಾನಿಸಿ, ಅಲ್ಲಿ ಹೋದ ಮೇಲೆ ಅಲ್ಲ. ಆ್ಯಪ್‌ನಲ್ಲಿ ಹೋಗುವಾಗ ಕ್ಯಾಬ್ ಸಿಕ್ಕಿತು ಎಂದು ನಿಶ್ಚಿಂತೆಯಿಂದ ಇರಬೇಡಿ. ಸಂಜೆ ಹಳ್ಳಿಯ ರಸ್ತೆಯಲ್ಲಿ ವಾಪಸ್ ಗಾಡಿ ಸಿಗುವುದು ಕಷ್ಟ.

ಬಸ್ಸು, ರೈಲಿನಲ್ಲೂ ಹೋಗಬಹುದು. ದೊಡ್ಡಬಳ್ಳಾಪುರಕ್ಕೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ಆಟೋ ಮಾಡಿಕೊಳ್ಳಿ. ಕಾಯುತ್ತೀರಾ ಎಂದು ಆಟೋದವರನ್ನು ಮೊದಲೇ ಕೇಳಿ, ಬಾಡಿಗೆ ಮಾತಾಡಿಕೊಳ್ಳಿ. ಚನ್ನಪಟ್ಟಣಕ್ಕೆ ಮೈಸೂರು ರೈಲು ಹಿಡಿಯಬಹುದು. ಬೈಕ್ ಯೋಚನೆ ಇರುವವರಿಗೆ ಇನ್ನೊಂದು ಮಾತು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನ, ಆಟೋಗಳನ್ನು ಬಿಡುತ್ತಿಲ್ಲ.

4. ಬುಕ್ ಮಾಡಿ, ಫೋನಿನಲ್ಲಿ ಇಷ್ಟು ಕೇಳಿ

ಹೇಳದೆ ಕೇಳದೆ ಹೋಗಿ ಗೇಟಿನ ಹತ್ತಿರ ನಿಲ್ಲಬೇಡಿ. ತೋಟ ತೋರಿಸಲು ನಿಗದಿತ ಸಮಯಗಳಿರುತ್ತವೆ. ದರ, ಸಮಯ ಎರಡೂ ಆಗಾಗ ಬದಲಾಗುತ್ತವೆ, ಹಾಗಾಗಿ ಹೋಗುವ ವಾರ ನೇರವಾಗಿ ವೈನರಿಯವರನ್ನೇ ಕೇಳುವುದು ಒಳ್ಳೆಯದು. ಎಷ್ಟು ಬಗೆಯ ವೈನ್ ಕೊಡುತ್ತೀರಿ, ಊಟ ಸೇರಿದೆಯಾ, ಮಕ್ಕಳನ್ನು ಒಳಗೆ ಬಿಡುತ್ತೀರಾ, ಕುಡಿಯದವರಿಗೆ ಟಿಕೆಟ್ ಬೇರೆಯಾ, ತೋಟದೊಳಗೆ ನಡೆಸುತ್ತೀರಾ ಅಥವಾ ಘಟಕ ಮಾತ್ರವಾ. ಕೊನೆಯ ಪ್ರಶ್ನೆ ಮರೆಯಬೇಡಿ. ವಯಸ್ಸಾದವರು ಜೊತೆಗಿದ್ದರೆ ಎಷ್ಟು ದೂರ ನಡೆಯಬೇಕು ಎಂದೂ ಕೇಳಿ.

21 ತುಂಬದವರಿಗೆ ವೈನ್ ಕೊಡುವುದಿಲ್ಲ. ಎಲ್ಲರೂ ಗುರುತಿನ ಚೀಟಿ ಇಟ್ಟುಕೊಳ್ಳಿ.

ಸಸ್ಯಾಹಾರಿಗಳು ಇನ್ನೊಂದು ಕೇಳಬೇಕು: "ವೈನ್ ತಿಳಿ ಮಾಡಲು ಏನು ಹಾಕುತ್ತೀರಿ?" ಮಸುಕಾದ ವೈನ್ ತಿಳಿಯಾಗಲು ಕೆಲವು ಕಡೆ ಮೊಟ್ಟೆಯ ಬಿಳಿ, ಜೆಲಾಟಿನ್ ಬಳಸುವುದುಂಟು. ಕೆಲವರು ಬೆಂಟೊನೈಟ್ ಎಂಬ ಜೇಡಿಮಣ್ಣನ್ನೇ ಬಳಸುತ್ತಾರೆ. ಕೇಳಿದರೆ ಹೇಳುತ್ತಾರೆ, ಸಂಕೋಚ ಬೇಡ.

ಗರ್ಭಿಣಿಯರು, ಔಷಧ ತೆಗೆದುಕೊಳ್ಳುತ್ತಿರುವವರು ರುಚಿ ನೋಡುವುದು ಬೇಡ, ತೋಟ ನೋಡಲಿ ಸಾಕು. ಅಸ್ತಮಾ ಇರುವ ಕೆಲವರಿಗೆ ವೈನ್ ಕೆಡದಿರಲು ಹಾಕುವ ಸಲ್ಫೈಟ್ ಆಗಿಬರುವುದಿಲ್ಲ. ಅಂಥವರು ಮೊದಲು ವೈದ್ಯರನ್ನು ಕೇಳಲಿ.

5. ಹೋಗುವ ದಿನದ ತಯಾರಿ

ಹೊಟ್ಟೆ ತುಂಬಾ ತಿಂಡಿ ತಿನ್ನಿ. ಖಾಲಿ ಹೊಟ್ಟೆಯಲ್ಲಿ ವೈನ್ ಬೇಗ ಏರುತ್ತದೆ. ಆದರೆ ರುಚಿ ನೋಡುವ ಒಂದು ಗಂಟೆ ಮೊದಲಿನಿಂದ ಕಾಫಿ, ಎಲೆ ಅಡಿಕೆ, ಸಿಗರೇಟು, ಪುದೀನ ಬಬಲ್‌ಗಮ್ ಯಾವುದೂ ಬೇಡ. ಸೆಂಟ್ ಹಾಕಿಕೊಳ್ಳಬೇಡಿ. ವೈನ್ ರುಚಿಯಲ್ಲಿ ಬಹುಪಾಲು ಮೂಗಿನ ಕೆಲಸ. ನಿಮ್ಮ ಸೆಂಟ್ ಪಕ್ಕದವರ ಮೂಗನ್ನೂ ಕೆಡಿಸುತ್ತದೆ.

ಟೋಪಿ, ನೀರಿನ ಬಾಟಲಿ, ಮಣ್ಣಿನಲ್ಲಿ ನಡೆಯುವಂಥ ಚಪ್ಪಲಿ ಅಥವಾ ಶೂ ಇರಲಿ.

ನಂದಿ ಬೆಟ್ಟವನ್ನೂ ಸೇರಿಸಿಕೊಳ್ಳುವವರು ಬೆಟ್ಟವನ್ನು ಬೆಳಿಗ್ಗೆಯೇ ಮುಗಿಸಿ. 1,478 ಮೀಟರ್ ಎತ್ತರದ ಬೆಟ್ಟ, ತಿರುವುಗಳ ರಸ್ತೆ. ವೈನ್ ಕುಡಿದ ಮೇಲೆ ಹತ್ತುವ ಜಾಗ ಅಲ್ಲ. ಕೆಳಗೆ ನಂದಿ ಊರಿನ ಭೋಗನಂದೀಶ್ವರ ದೇವಸ್ಥಾನಕ್ಕೋ ಘಾಟಿ ಸುಬ್ರಹ್ಮಣ್ಯಕ್ಕೋ ಹೋಗುವುದಿದ್ದರೆ ಅದೂ ಮೊದಲೇ ಆಗಲಿ. ವೈನ್ ದಿನದ ಕೊನೆಯ ಕಾರ್ಯಕ್ರಮ.

6. ತೋಟದಲ್ಲಿ ಮತ್ತು ಘಟಕದಲ್ಲಿ ಏನು ನೋಡಬೇಕು

ಹೆಚ್ಚಿನವರು ಇಲ್ಲಿ ಫೋಟೊ ತೆಗೆದುಕೊಂಡು ಮುಂದೆ ಹೋಗಿಬಿಡುತ್ತಾರೆ. ಹಾಗೆ ಮಾಡಬೇಡಿ. ರುಚಿ ಯಾಕೆ ಹಾಗಿದೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ.

ಬಳ್ಳಿ ಹೇಗೆ ಕಟ್ಟಿದ್ದಾರೆ ನೋಡಿ. ದೇವನಹಳ್ಳಿ, ಚಿಕ್ಕಬಳ್ಳಾಪುರದ ರೈತರು ತಿನ್ನುವ ದ್ರಾಕ್ಷಿಯನ್ನು ತಲೆ ಮೇಲೆ ಚಪ್ಪರ ಹಾಕಿ ಬೆಳೆಸುತ್ತಾರೆ. ವೈನ್ ದ್ರಾಕ್ಷಿಯನ್ನು ಕಂಬ ನೆಟ್ಟು, ತಂತಿ ಎಳೆದು, ಸಾಲಾಗಿ ನಿಲ್ಲಿಸುತ್ತಾರೆ. ಗೊಂಚಲಿಗೆ ಗಾಳಿ ಬೆಳಕು ಆಡಲಿ ಎಂದು. ಇಲ್ಲಿ ಇಳುವರಿಯನ್ನು ಬೇಕೆಂದೇ ಕಡಿಮೆ ಇಡುತ್ತಾರೆ. ಗೊಂಚಲು ಕಡಿಮೆ ಇದ್ದಷ್ಟೂ ಉಳಿದ ಹಣ್ಣಿನಲ್ಲಿ ರಸ ಗಾಢ.

ಹಣ್ಣಿನ ಗಾತ್ರ ನೋಡಿ ಹಲವರಿಗೆ ಆಶ್ಚರ್ಯವಾಗುತ್ತದೆ. ಚಿಕ್ಕದು, ಸಿಪ್ಪೆ ದಪ್ಪ, ಒಳಗೆ ಬೀಜ. ಆದರೆ ಮಾಗಿದ ಮೇಲೆ ಅಂಗಡಿಯ ದ್ರಾಕ್ಷಿಗಿಂತ ಸಿಹಿ. ಆ ಸಕ್ಕರೆಯನ್ನೇ ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುವುದು. ಕೇಳದೆ ಕಿತ್ತು ಬಾಯಿಗೆ ಹಾಕಬೇಡಿ. ಔಷಧಿ ಹೊಡೆದಿರಬಹುದು, ಬೆಳೆ ಅವರದ್ದು ಕೂಡ. ಕೇಳಿದರೆ ಅವರೇ ಒಂದೆರಡು ಕೊಡುತ್ತಾರೆ.

ಇಷ್ಟು ಬಿಸಿ ಸೀಮೆಯಲ್ಲಿ ವೈನ್ ದ್ರಾಕ್ಷಿ ಹೇಗೆ ಎಂಬ ಪ್ರಶ್ನೆ ಸಹಜ. ಪ್ರಪಂಚದ ಹೆಸರಾಂತ ವೈನ್ ಸೀಮೆಗಳು ಹೆಚ್ಚಾಗಿ 30ರಿಂದ 50 ಡಿಗ್ರಿ ಅಕ್ಷಾಂಶದ ನಡುವೆ ಇವೆ. ನಾವಿರುವುದು 13 ಡಿಗ್ರಿಯಲ್ಲಿ. ನಮ್ಮನ್ನು ಕಾಪಾಡಿರುವುದು ಎತ್ತರ. ಈ ಭಾಗ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಹಗಲು ಬಿಸಿಲಿದ್ದರೂ ರಾತ್ರಿ ತಂಪಾಗುತ್ತದೆ. ರಾತ್ರಿ ತಂಪಾದರೆ ಹಣ್ಣಿನೊಳಗಿನ ಹುಳಿ ಉಳಿಯುತ್ತದೆ. ಹುಳಿ ಇಲ್ಲದ ವೈನ್ ಸಪ್ಪೆ.

ಘಟಕದಲ್ಲಿ ಒಂದು ವಿಷಯ ತಿಳಿದುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಕೆಂಪು ದ್ರಾಕ್ಷಿಯ ರಸವೂ ಬಹುತೇಕ ಬಿಳಿಯೇ. ಬಣ್ಣ ಇರುವುದು ಸಿಪ್ಪೆಯಲ್ಲಿ. ರೆಡ್ ವೈನ್‌ಗೆ ಸಿಪ್ಪೆ, ಬೀಜದ ಜೊತೆಗೇ ಹುದುಗಿಸುತ್ತಾರೆ. ವೈಟ್ ವೈನ್‌ಗೆ ಮೊದಲೇ ಹಿಂಡಿ ರಸ ಮಾತ್ರ ಹುದುಗಿಸುತ್ತಾರೆ. ರೋಸೆ ಎಂಬ ಗುಲಾಬಿ ಬಣ್ಣದ ವೈನ್‌ಗೆ ಸಿಪ್ಪೆಯನ್ನು ಕೆಲವೇ ಗಂಟೆ ರಸದಲ್ಲಿಟ್ಟು ತೆಗೆಯುತ್ತಾರೆ. ದೊಡ್ಡ ಸ್ಟೀಲ್ ಟ್ಯಾಂಕುಗಳ ಸುತ್ತ ತಣ್ಣೀರು ಹರಿಸುವ ವ್ಯವಸ್ಥೆ ಇರುತ್ತದೆ. ಹುದುಗುವಾಗ ಶಾಖ ಹುಟ್ಟುತ್ತದೆ, ತಡೆಯದಿದ್ದರೆ ಪರಿಮಳ ಹಾರಿಹೋಗುತ್ತದೆ.

ಆಮೇಲೆ ಓಕ್ ಮರದ ಪೀಪಾಯಿಗಳು. ಸಾಮಾನ್ಯವಾಗಿ 225 ಲೀಟರ್ ಹಿಡಿಯುತ್ತವೆ. ಗ್ರೋವರ್‌ನ ಲಾ ರಿಸರ್ವ್ ಎಂಬ ರೆಡ್ ವೈನ್ ಹೀಗೆ ಓಕ್‌ನಲ್ಲಿಟ್ಟು ಹದ ಮಾಡಿದ್ದು. ಕ್ಯಾಬರ್ನೆ ಸೊವಿನ್ಯೋನ್ ಮತ್ತು ಶಿರಾಜ್ ದ್ರಾಕ್ಷಿಗಳ ಬೆರಕೆ. ಹೊಸ ಪೀಪಾಯಿಯಾ, ಹಳೆಯದಾ, ಎಷ್ಟು ತಿಂಗಳು ಇಡುತ್ತೀರಿ ಎಂದು ಕೇಳಿ. ಹೊಸ ಮರ ಜಾಸ್ತಿ ವಾಸನೆ ಬಿಡುತ್ತದೆ.

7. ರುಚಿ ನೋಡುವ ಕ್ರಮ

ಈಗ ಮುಖ್ಯ ಭಾಗ. ಸಾಮಾನ್ಯ ಕ್ರಮ ಹೀಗೆ: ಮೊದಲು ಗುಳ್ಳೆ ಬರುವ ಸ್ಪಾರ್ಕ್ಲಿಂಗ್, ಆಮೇಲೆ ವೈಟ್, ರೋಸೆ, ರೆಡ್, ಕೊನೆಗೆ ಸಿಹಿ ವೈನ್. ಈ ಕ್ರಮ ತಪ್ಪಿಸಬೇಡಿ. ರೆಡ್ ಕುಡಿದು ವೈಟ್‌ಗೆ ಬಂದರೆ ವೈಟ್ ನೀರಿನಂತೆ ಅನಿಸುತ್ತದೆ.

ಮೊದಲು ಕಣ್ಣು. ಲೋಟವನ್ನು ಕೆಳಗಿನ ಕಡ್ಡಿ ಹಿಡಿದು ಎತ್ತಿ, ಬಟ್ಟಲು ಹಿಡಿದರೆ ಕೈ ಬಿಸಿ ವೈನ್‌ಗೆ ತಾಗುತ್ತದೆ. ಬಿಳಿ ಕಾಗದದ ಮುಂದೆ ಹಿಡಿದು ಬಣ್ಣ ನೋಡಿ.

ಆಮೇಲೆ ಮೂಗು. ಒಂದು ಸಲ ಹಾಗೇ ಮೂಸಿ. ಲೋಟವನ್ನು ಮೇಜಿನ ಮೇಲೇ ಇಟ್ಟು ಮೆಲ್ಲಗೆ ಸುತ್ತಿಸಿ, ಮತ್ತೆ ಮೂಸಿ. ಎರಡನೆಯ ಸಲ ಪರಿಮಳ ಬಿಚ್ಚಿಕೊಂಡಿರುತ್ತದೆ. ಪುಸ್ತಕದಲ್ಲಿ ಓದಿದ ಹಣ್ಣುಗಳ ಹೆಸರು ಹುಡುಕಬೇಡಿ, ನಿಮಗೆ ಗೊತ್ತಿರುವುದನ್ನೇ ಹೇಳಿ. ಸೊವಿನ್ಯೋನ್ ಬ್ಲಾಂಕ್ ಎಂಬ ವೈಟ್ ವೈನ್‌ನಲ್ಲಿ ಸೀಬೆಕಾಯಿ, ಹಸಿ ಹುಲ್ಲು ಸಿಗಬಹುದು. ಶಿರಾಜ್‌ನಲ್ಲಿ ಕರಿಮೆಣಸು, ನೇರಳೆ ಹಣ್ಣು. ಕ್ಯಾಬರ್ನೆಯಲ್ಲಿ ಕೆಲವೊಮ್ಮೆ ಹಸಿ ದೊಣ್ಣೆಮೆಣಸಿನಕಾಯಿ. ವಿಯೋನ್ಯೆ ಎಂಬ ಇನ್ನೊಂದು ವೈಟ್‌ನಲ್ಲಿ ಹೂವಿನ ಘಮ. ನಿಮಗೆ ಬೇರೆ ಏನೋ ಸಿಕ್ಕರೆ ಅದೂ ಸರಿಯೇ.

ಕೊನೆಗೆ ಬಾಯಿ. ಚಿಕ್ಕ ಗುಟುಕು ತೆಗೆದುಕೊಳ್ಳಿ. ಕೂಡಲೇ ನುಂಗದೆ ನಾಲಿಗೆಯ ಮೇಲೆಲ್ಲ ಓಡಾಡಿಸಿ. ನಾಲ್ಕು ವಿಷಯ ಗಮನಿಸಿ. ಸಿಹಿ ಇದೆಯಾ? ಸಿಹಿ ಇಲ್ಲದ ವೈನ್‌ಗೆ ಡ್ರೈ ಎನ್ನುತ್ತಾರೆ. ಹುಳಿ ಎಷ್ಟು? ಬಾಯಲ್ಲಿ ನೀರೂರಿದಷ್ಟೂ ಹುಳಿ ಜಾಸ್ತಿ. ಒಗರು ಎಷ್ಟು? ಇದಕ್ಕೆ ಟ್ಯಾನಿನ್ ಕಾರಣ, ಸಿಪ್ಪೆ, ಬೀಜದಿಂದ ಬರುತ್ತದೆ. ನೆಲ್ಲಿಕಾಯಿ ಕಚ್ಚಿದಾಗ ವಸಡು ಹಿಡಿದುಕೊಳ್ಳುತ್ತದಲ್ಲ, ಅದೇ. ಕೊನೆಯದು, ನುಂಗಿದ ಮೇಲೆ ಅಥವಾ ಉಗಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ? ಒಳ್ಳೆಯ ವೈನ್ ಬೇಗ ಬಿಟ್ಟುಹೋಗುವುದಿಲ್ಲ.

ಹೌದು, ಉಗಿಯಬಹುದು. ಮೇಜಿನ ಮೇಲೆ ಅದಕ್ಕೆಂದೇ ಪಾತ್ರೆ ಇಟ್ಟಿರುತ್ತಾರೆ, ಇಲ್ಲದಿದ್ದರೆ ಕೇಳಿ. ನಮ್ಮ ಜನ ಇದಕ್ಕೆ ತುಂಬಾ ನಾಚುತ್ತಾರೆ. ವೈನ್ ತಯಾರಿಸುವವರೇ ದಿನವಿಡೀ ರುಚಿ ನೋಡಿ ಉಗಿಯುತ್ತಾರೆ. ಕೊಟ್ಟ ಹಣ ದಂಡ ಆಗಬಾರದು ಎಂದು ಇಷ್ಟವಾಗದ ವೈನ್ ಮುಗಿಸಬೇಡಿ. ಕುಡಿಯುವ ಅಭ್ಯಾಸ ಇಲ್ಲದವರು ಹೋಗಬಹುದಾ ಎಂದು ಕೇಳಿದ್ದರಲ್ಲ, ಖಂಡಿತ ಹೋಗಬಹುದು. ಮೂಸಿ, ಚಪ್ಪರಿಸಿ, ಉಗಿದರೆ ಏನೂ ಕಳೆದುಕೊಂಡ ಹಾಗಲ್ಲ. ಪ್ರತಿ ವೈನ್ ನಡುವೆ ನೀರು ಕುಡಿಯಿರಿ, ಒಂದು ಚೂರು ಬ್ರೆಡ್ ತಿನ್ನಿ.

ಮೊದಲ ಸಲ ಡ್ರೈ ವೈನ್ ಕುಡಿಯುವವರು ಮುಖ ಕಿವುಚುವುದು ಸಾಮಾನ್ಯ. ಜ್ಯೂಸ್ ಥರ ಇರುತ್ತದೆ ಎಂದುಕೊಂಡಿರುತ್ತಾರೆ. ಮೊದಲ ಗುಟುಕಿನಲ್ಲಿ ತೀರ್ಪು ಕೊಡಬೇಡಿ, ಎರಡನೆಯದನ್ನು ಏನಾದರೂ ತಿಂದು ಕುಡಿದು ನೋಡಿ. ಚೀಸ್ ತಿಂದ ಮೇಲೆ ರೆಡ್ ವೈನ್‌ನ ಒಗರು ಮೆತ್ತಗಾಗುತ್ತದೆ. ಖಾರದ ಜೊತೆ ಮಾತ್ರ ಒಗರಿನ ರೆಡ್ ಹೊಂದುವುದಿಲ್ಲ, ನಾಲಿಗೆಯ ಉರಿ ಹೆಚ್ಚುತ್ತದೆ. ನಮ್ಮ ಕೊತ್ತಂಬರಿ, ಹಸಿಮೆಣಸಿನಕಾಯಿಯ ಅಡುಗೆಗೆ ಸ್ವಲ್ಪ ಸಿಹಿ ಇರುವ ಶೆನಿನ್ ಬ್ಲಾಂಕ್ ಎಂಬ ವೈಟ್ ವೈನ್ ಚೆನ್ನಾಗಿ ಹೊಂದುತ್ತದೆ.

ಬೆಂಗಳೂರು ಬ್ಲೂ ಬಗ್ಗೆಯೂ ಹೇಳಲೇಬೇಕು. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಈ ಕಪ್ಪು ದ್ರಾಕ್ಷಿಗೆ ಭೌಗೋಳಿಕ ಗುರುತು ಸಿಕ್ಕಿದೆ, ಅಂದರೆ ಈ ಸೀಮೆಯಲ್ಲಿ ಬೆಳೆದದ್ದಕ್ಕೆ ಮಾತ್ರ ಆ ಹೆಸರು. ಜ್ಯೂಸ್, ಜಾಮ್, ಸಿಹಿ ರೆಡ್ ವೈನ್‌ಗೆ ಬಳಸುತ್ತಾರೆ. ಫ್ರಾನ್ಸಿನ ತಳಿಗಳ ಮುಂದೆ ಇದನ್ನು ಕೀಳಾಗಿ ನೋಡುವವರನ್ನು ಕಂಡರೆ ನನಗೆ ಬೇಸರ. ಅದರ ಘಮ ಬೇರೆ ಜಾತಿಯದು, ಅದಕ್ಕೆ ಅದರದೇ ಜಾಗ ಇದೆ. ಹೋಗುವಾಗ ರಸ್ತೆ ಬದಿಯಲ್ಲಿ ಒಂದು ಕೆ.ಜಿ. ಕೊಂಡು ತಿಂದು ನೋಡಿ, ತೋಟದ ದ್ರಾಕ್ಷಿಗೂ ಇದಕ್ಕೂ ಇರುವ ವ್ಯತ್ಯಾಸ ನಿಮಗೇ ತಿಳಿಯುತ್ತದೆ.

8. ಬಾಟಲಿ ಕೊಂಡು ಮನೆಗೆ ತರುವುದು

ಐದು ರುಚಿ ನೋಡಿದ ಖುಷಿಯಲ್ಲಿ ಹತ್ತು ಬಾಟಲಿ ಕೊಳ್ಳಬೇಡಿ. ರುಚಿ ನೋಡುವಾಗಲೇ ಫೋನಿನಲ್ಲಿ ಹೆಸರು ಬರೆದುಕೊಳ್ಳಿ. ಊರಿನ ಅಂಗಡಿಯಲ್ಲಿ ಸಿಗುವುದನ್ನು ಬಿಟ್ಟು, ಅಲ್ಲಿ ಮಾತ್ರ ಸಿಗುವುದು ಯಾವುದು ಎಂದು ಕೇಳಿ ಒಂದೆರಡು ತನ್ನಿ. ಬಿಲ್ ಜೋಪಾನ. ಬೇರೆ ರಾಜ್ಯಕ್ಕೆ ಒಯ್ಯುವವರು ಆ ರಾಜ್ಯದ ಅಬಕಾರಿ ನಿಯಮ ನೋಡಿಕೊಳ್ಳಿ. ಅಲ್ಲಿಂದ ನೇರ ವಿಮಾನ ನಿಲ್ದಾಣಕ್ಕೆ ಹೋಗುವವರು ಬಾಟಲಿಯನ್ನು ಕೈಚೀಲದಲ್ಲಿ ಇಡಬೇಡಿ, ಭದ್ರತಾ ತಪಾಸಣೆಯಲ್ಲಿ ತೆಗೆದಿಡುತ್ತಾರೆ. ಬಟ್ಟೆಯಲ್ಲಿ ಸುತ್ತಿ ಚೆಕ್-ಇನ್ ಬ್ಯಾಗಿನಲ್ಲಿ ಹಾಕಿ.

ಮಾರ್ಚ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರು ವೈನ್‌ನ ದೊಡ್ಡ ಶತ್ರು. ಡಿಕ್ಕಿಯಲ್ಲಿಟ್ಟು ಊಟಕ್ಕೆ ಹೋದರೆ ಬಿಸಿಗೆ ಪರಿಮಳ ಕೆಟ್ಟು, ಬೇಯಿಸಿದ ಹಣ್ಣಿನ ವಾಸನೆ ಬರುತ್ತದೆ. ಒಂದು ಥರ್ಮಾಕೋಲ್ ಡಬ್ಬಿ ಮನೆಯಿಂದಲೇ ಒಯ್ಯಿರಿ, ಬಾಟಲಿಯನ್ನು ಹೊರಡುವಾಗ ಕೊನೆಗೆ ಕೊಳ್ಳಿ.

ಮನೆಯಲ್ಲಿ ಒಲೆಯ ಹತ್ತಿರ, ಫ್ರಿಜ್ ಮೇಲೆ ಇಡಬೇಡಿ. ಕತ್ತಲೆಯ, ತಂಪಾದ ಕಪಾಟು ಸಾಕು. ಕಾರ್ಕ್ ಇರುವ ಬಾಟಲಿಯನ್ನು ಮಲಗಿಸಿ, ಕಾರ್ಕ್ ಒಣಗದಿರಲಿ. ತಿರುಪು ಮುಚ್ಚಳದ್ದು ನಿಂತೇ ಇರಲಿ. ತಿರುಪು ಮುಚ್ಚಳ ಅಂದರೆ ಅಗ್ಗದ ವೈನ್ ಎಂಬುದು ತಪ್ಪು ತಿಳಿವಳಿಕೆ. ವೈಟ್ ವೈನ್‌ಗಳನ್ನು ಹೆಚ್ಚು ವರ್ಷ ಕೂಡಿಡಬೇಡಿ, ಹೊಸದಿದ್ದಾಗಲೇ ಚೆಂದ. ಕುಡಿಯುವಾಗ ವೈಟ್ ಅನ್ನು 8ರಿಂದ 12 ಡಿಗ್ರಿಗೆ ತಣ್ಣಗೆ ಮಾಡಿ. ರೆಡ್ ಅನ್ನು ಹಾಗೇ ಕುಡಿಯಬೇಕು ಅನ್ನುವ ಮಾತು ತಂಪು ದೇಶದ್ದು. ನಮ್ಮ ಬೇಸಿಗೆಯಲ್ಲಿ ರೆಡ್ ಬಾಟಲಿಯನ್ನೂ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆಯಿರಿ. ತೆರೆದ ಮೇಲೆ ಉಳಿದರೆ ಮುಚ್ಚಳ ಬಿಗಿ ಮಾಡಿ ಮತ್ತೆ ಫ್ರಿಜ್‌ಗೆ ಸೇರಿಸಿ, ಮೂರ್ನಾಲ್ಕು ದಿನದೊಳಗೆ ಮುಗಿಸಿ.